ಮಾನಪ್ಪಾಚಾರಿಯ ಬಂದೂಕು

ಕಲ್ಲುಗಡಿ ಬೆಟ್ಟಗಳ ನಡುವಿನ ಒಂದು ಸಣ್ಣ ನಾಡು. ಸುಗ್ಗಿ ಮುಗಿಯುವುದೇ ತಡ, ಕಣಿವೆಯ ದಾರಿಯಿಂದ ಪರನಾಡಿನ ದಂಡು ನುಗ್ಗುತ್ತಿತ್ತು. ಕಣಜ ಬರಿದು ಮಾಡಿ, ಮನೆಗಳಿಗೆ ಬೆಂಕಿಯಿಟ್ಟು ಹೋಗುತ್ತಿತ್ತು. ಆ ನಾಡಿನ ಆಯುಧಶಾಲೆಯಲ್ಲಿ ಮಾನಪ್ಪಾಚಾರಿ ಎಂಬ ಕಮ್ಮಾರನಿದ್ದ. ಅವನ ತಮ್ಮ ಈರಣ್ಣ ಕೋಟೆಯ ಕಾವಲುಗಾರ.

ಒಂದು ವರ್ಷದ ದಾಳಿಯಲ್ಲಿ ಈರಣ್ಣ ಕೋಟೆಗೋಡೆಯ ಮೇಲೆಯೇ ಸತ್ತ. ಅವನ ಬಂದೂಕಿನೊಳಗೆ ಗುಂಡು ಹಾರದೆ ಹಾಗೇ ಉಳಿದಿತ್ತು. ಮಾನಪ್ಪಾಚಾರಿ ಬಂದೂಕನ್ನು ಬಿಚ್ಚಿ ನೋಡಿದ. ಒಳಗಿನ ಒಂದು ಸಂದಿಯಲ್ಲಿ ಚಿಟಿಕೆ ಮರಳು ಸೇರಿಕೊಂಡಿತ್ತು. ಅಷ್ಟಕ್ಕೇ ಅದು ಕೈಕೊಟ್ಟಿತ್ತು.

ಈರಣ್ಣನ ಹೆಂಡತಿ ನೀಲಮ್ಮ ಆ ಬಿಡಿಭಾಗಗಳನ್ನು ನೋಡುತ್ತಾ ಕೇಳಿದಳು: "ಭಾವ, ಮರಳು ಬಿದ್ದರೂ ನಿಲ್ಲದ ಬಂದೂಕು ಮಾಡಲಿಕ್ಕೆ ಆಗುವುದಿಲ್ಲವೆ?"

"ಗೊತ್ತಿಲ್ಲ ತಾಯಿ. ಮಾಡಿ ನೋಡುತ್ತೇನೆ" ಎಂದ ಮಾನಪ್ಪಾಚಾರಿ.

ವರ್ಷಗಟ್ಟಲೆ ಅವನಿಗೆ ಬೇರೆ ಧ್ಯಾನವಿರಲಿಲ್ಲ. ಬೇರೆ ಕಮ್ಮಾರರು ಒಂದು ಭಾಗಕ್ಕೆ ಇನ್ನೊಂದು ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕೆಂದು ಉಜ್ಜುತ್ತಿದ್ದರು. ಇವನು ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟ, ಮರಳು ಬಂದರೆ ಉದುರಿಹೋಗಲಿ ಎಂದು. ಭಾಗಗಳನ್ನು ಕಡಿಮೆ ಮಾಡಿದ. ಭಾರ ಇಳಿಸಿದ. ಬಂದೂಕಿನ ಕುದುರೆಯನ್ನು ಬೆರಳಿನಿಂದ ಒಮ್ಮೆ ಎಳೆದು ಹಿಡಿದರೆ ಗುಂಡುಗಳು ಸಾಲಾಗಿ ಹಾರುವಂತೆ ಮಾಡಿದ. ಕೆಸರಿನಲ್ಲಿ ಹೂತ, ಹೊಳೆಯಲ್ಲಿ ಮುಳುಗಿಸಿದ, ಬೂದಿಯಲ್ಲಿ ಹೊರಳಿಸಿದ. ಬಂದೂಕು ನಿಲ್ಲಲಿಲ್ಲ. ಅದನ್ನು ಬಿಚ್ಚಿ ಜೋಡಿಸುವುದನ್ನು ಉಳುವವನು, ಕುರಿ ಕಾಯುವವನು, ಯಾರು ಬೇಕಾದರೂ ಒಂದು ಹೊತ್ತಿನಲ್ಲಿ ಕಲಿಯಬಹುದಿತ್ತು.

ಕಾವಲುಗಾರರೆಲ್ಲ ಆ ಬಂದೂಕು ಹಿಡಿದ ಮೇಲೆ ಬಂದ ದಂಡಿಗೆ ಕಣಿವೆಯನ್ನು ದಾಟಲಾಗಲಿಲ್ಲ. ಆಮೇಲೆ ಬರಲೇ ಇಲ್ಲ. ಕಲ್ಲುಗಡಿಯ ಜನ ಸುಗ್ಗಿ ಮುಗಿದ ಮೇಲೂ ಬೆಟ್ಟಕ್ಕೆ ಓಡದೆ ಮನೆಯಲ್ಲೇ ಮಲಗುವಂತಾಯಿತು. ಜನ ಆ ಬಂದೂಕನ್ನು 'ಮಾನಪ್ಪ' ಎಂದೇ ಕರೆದರು. ಇದು ಸುಳ್ಳಲ್ಲ, ಸಣ್ಣ ಮಾತೂ ಅಲ್ಲ. ಆ ಬಂದೂಕು ಒಂದು ನಾಡನ್ನು ಉಳಿಸಿತ್ತು.

ಕೆಲವು ಕಾಲದ ಮೇಲೆ ನಾಡಿನ ಒಡೆಯನಾದ ಚೆನ್ನವೀರ ನಾಯಕ ಅವನನ್ನು ಕರೆಸಿದ.

"ಆಚಾರ್ಯರೆ, ನೆರೆಯ ರಾಜರು ನಮ್ಮ ಸ್ನೇಹ ಬಯಸಿದ್ದಾರೆ. ಅವರಿಗೆ ನಿಮ್ಮ ಬಂದೂಕು ಬೇಕಂತೆ. ಎಷ್ಟು ಅಂತ ಮಾಡಿ ಕಳಿಸೋಣ? ನೀವೇ ಹೋಗಿ ಅವರ ಕಮ್ಮಾರರಿಗೆ ಕಲಿಸಿ ಬನ್ನಿ. ಒಳಗಿನ ಉಕ್ಕನ್ನು ಹದ ಮಾಡುವ ಗುಟ್ಟು ನಿಮಗೊಬ್ಬರಿಗೇ ಗೊತ್ತು. ನಾನು ಬಲವಂತ ಮಾಡುವುದಿಲ್ಲ. ಆಲೋಚಿಸಿ ಹೇಳಿ."

ಮಾನಪ್ಪಾಚಾರಿ ಮನೆಗೆ ಬಂದು ವಿಷಯ ತಿಳಿಸಿದ. ನೀಲಮ್ಮ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

"ಅವರು ಅದನ್ನು ಯಾರ ಮೇಲೆ ಹಾರಿಸುತ್ತಾರಂತೆ?"

"ಅದನ್ನು ನಾನು ಕೇಳಲಿಲ್ಲ."

"ಕೇಳಿ ಭಾವ. ಕೇಳಿದ ಮೇಲೆ ಹೋಗಿ."

"ಅದು ಅರಸರಿಗೆ ಸೇರಿದ್ದು ನೀಲಮ್ಮ. ನನ್ನದು ಕಬ್ಬಿಣದ ಕೆಲಸ. ಹಿಡಿದವರ ಮನಸ್ಸು ಹೇಗಿರುತ್ತದೋ, ಅದಕ್ಕೆ ನಾನು ಹೊಣೆಯಲ್ಲ."

ಆಡಿದ ಮಾತು ಇಷ್ಟು. ಆಡದೆ ಉಳಿದ ಮಾತು ಇನ್ನೊಂದಿತ್ತು. ಪರನಾಡಿನ ರಾಜರು ತನ್ನ ಹೆಸರು ಹಿಡಿದು ಕೇಳಿದರಲ್ಲ ಎಂಬ ಹಿಗ್ಗು ಅವನಿಗಿತ್ತು. ಅವನು ಹೊರಟ. ಹದದ ಗುಟ್ಟನ್ನು ಬಿಚ್ಚಿಟ್ಟು ಬಂದ.

ಅಲ್ಲಿಂದಾಚೆಗೆ ಆ ಬಂದೂಕು ಅವನಿಗಾಗಿ ಕಾಯಲಿಲ್ಲ. ಸ್ನೇಹಿತರಿಂದ ಸ್ನೇಹಿತರಿಗೆ ಹೋಯಿತು. ಸೋತವರ ಕೈಯಿಂದ ಗೆದ್ದವರ ಕೈಗೆ ಹೋಯಿತು. ಕುದುರೆ ಸವಾರರಿಗೆಂದು ಒಬ್ಬರು ಅದರ ನಳಿಗೆ ಗಿಡ್ಡ ಮಾಡಿದರು. ಕಂಬಳಿಯೊಳಗೆ ಅಡಗಿಸಲೆಂದು ಇನ್ನೊಬ್ಬರು ಹಿಡಿಯನ್ನು ಮಡಚುವಂತೆ ಮಾಡಿದರು. ದೂರ ಹಾರಿಸಲು ಉದ್ದ ನಳಿಗೆಯದೊಂದು ಬಂತು. ಅದೇ ಒಳಗೂಡು, ಬೇರೆ ಬೇರೆ ಮೈ. ಪೇಟೆಯ ಗಲ್ಲಿಗಳಲ್ಲಿ ಅದನ್ನು ಕದ್ದುಮುಚ್ಚಿ ಮಾಡುವವರು ಹುಟ್ಟಿಕೊಂಡರು. ಬಂದೂಕು ಹಡಗು ಹತ್ತಿ ಸಮುದ್ರ ದಾಟಿತು. ಎಲ್ಲೋ ಒಂದು ನಾಡು ತನ್ನ ಬಾವುಟದ ಮೇಲೆಯೇ ಅದರ ಚಿತ್ರ ಬರೆಸಿತು. ಅದನ್ನು ಕೇಳಿ ಮಾನಪ್ಪಾಚಾರಿ ಊರಿಗೆಲ್ಲ ಬೆಲ್ಲ ಹಂಚಿದ.

ಅವನಿಗೆ ವಯಸ್ಸಾಯಿತು. ಕಡಲ ತೀರದ ಒಬ್ಬ ರಾಜ ಸನ್ಮಾನ ಮಾಡುತ್ತೇನೆಂದು ಅವನನ್ನು ಕರೆದ. ಅಷ್ಟು ಹೊತ್ತಿಗೆ ನೀಲಮ್ಮ ತೀರಿಕೊಂಡಿದ್ದಳು. ಮಾನಪ್ಪಾಚಾರಿ ಒಂದು ಬಾಡಿಗೆ ಗಾಡಿ ಮಾಡಿಕೊಂಡು ಹೊರಟ. ದಾರಿಯಲ್ಲಿ ಒಂದು ನಾಡು ಸಿಕ್ಕಿತು. ಹೊಲಗಳಲ್ಲಿ ಪೈರಿರಲಿಲ್ಲ. ಮನೆಗಳಿಗೆ ಸೂರಿರಲಿಲ್ಲ. ಹೊಳೆಯ ದಂಡೆಗೆ ಬಂದಾಗ ಒಂದು ಹುಡುಗಿ ಗಾಡಿಯನ್ನು ಅಡ್ಡಗಟ್ಟಿದಳು. ಅವಳ ಹೆಗಲಲ್ಲಿ ಬಂದೂಕಿತ್ತು. ಅದರ ಹಿಡಿ ಅವಳ ಮೊಣಕಾಲಿಗೆ ಬಡಿಯುತ್ತಿತ್ತು.

"ಪೆಟ್ಟಿಗೆಯಲ್ಲಿ ಏನಿದೆ?"

"ಸುತ್ತಿಗೆ, ಅರ. ನಾನು ಕಮ್ಮಾರ."

"ಹಾಗಾದರೆ ನಮ್ಮ ಯಜಮಾನರ ಹತ್ತಿರ ಬನ್ನಿ" ಎಂದು ಅವಳು ಮುಂದೆ ನಡೆದಳು.

ಆ ಬಂದೂಕು ತನ್ನದೇ ಎಂದು ಅವನಿಗೆ ದೂರದಿಂದಲೇ ಗುರುತು ಸಿಕ್ಕಿತ್ತು. ನಡೆಯುತ್ತಾ ಕೇಳಿದ: "ಇದನ್ನು ನಿನಗೆ ಯಾರಮ್ಮ ಕಲಿಸಿದರು?"

"ಯಾರೂ ಕಲಿಸಲಿಲ್ಲ ತಾತ. ಇದಕ್ಕೆ ಕಲಿಯುವುದು ಏನಿದೆ?" ಎಂದಳು ಹುಡುಗಿ.

ಅವರ ಯಜಮಾನ ಗೋಮ ಎಂಬವನು, ಮರದ ಕೆಳಗೆ ಕುಳಿತಿದ್ದ. ಸುತ್ತ ಇದ್ದವರಲ್ಲಿ ಅರ್ಧ ಜನ ಮಕ್ಕಳು. ಎಲ್ಲರ ಕೈಯಲ್ಲಿಯೂ ಅದೇ ಬಂದೂಕು. ಹಳೆಯ ನಳಿಗೆಗಳನ್ನು ಸರಿಮಾಡಿಕೊಡಬೇಕೆಂದು ಗೋಮ ಕೇಳಿದ.

ಮಾನಪ್ಪಾಚಾರಿ ಹೇಳಿದ: "ಇದನ್ನು ಮಾಡಿದವನು ನಾನೇ. ನನ್ನ ಹೆಸರೇ ಇದಕ್ಕೆ ಇಟ್ಟಿರುವುದು. ಊರು ಕಾಯಲಿಕ್ಕೆ ಅಂತ ಮಾಡಿದ್ದಪ್ಪ ಇದು. ಮಕ್ಕಳ ಕೈಯಿಂದ ತೆಗೆದುಕೊ."

ಗೋಮ ನಗಲಿಲ್ಲ. ಎದ್ದು ಬಂದು ಮುದುಕನ ಕಾಲು ಮುಟ್ಟಿ ನಮಸ್ಕರಿಸಿದ. ಆಮೇಲೆ ಹೇಳಿದ:

"ನಾವೂ ಊರು ಕಾಯುವುದಕ್ಕೇ ಇದನ್ನು ಹಿಡಿದದ್ದು. ಹೊಳೆಯಾಚೆ ಇರುವವರನ್ನು ಕೇಳಿ, ಅವರೂ ಅದನ್ನೇ ಹೇಳುತ್ತಾರೆ. ಅವರ ಕೈಯಲ್ಲೂ ಇದೇ ಇದೆ. ದೊಡ್ಡವರು ಎಷ್ಟೋ ಜನ ಹೋದರು. ಇದು ಹಗುರ, ಮಕ್ಕಳಿಗೂ ಎತ್ತಲು ಬರುತ್ತದೆ. ಈಗ ನೀವು ಇಲ್ಲೇ ಉಳಿಯಿರಿ. ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ."

"ಪ್ರಾಣ ಹೋದರೂ ಇನ್ನು ನಾನು ಇದಕ್ಕೆ ಕೈ ಹಚ್ಚುವುದಿಲ್ಲ."

"ಹೋಗಲಿ ಬಿಡಿ" ಎಂದ ಗೋಮ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಸಂತೆಯಲ್ಲಿ ಕುಡುಗೋಲು ತಟ್ಟುವವನೂ ಇದನ್ನು ಸರಿಮಾಡುತ್ತಾನೆ. ನೀವು ಅಷ್ಟು ಸುಲಭ ಮಾಡಿಟ್ಟಿದ್ದೀರಿ. ಈಗ ನೀವು ಒಪ್ಪಿದರೂ ಒಂದೇ, ಬಿಟ್ಟರೂ ಒಂದೇ."

ಮಾನಪ್ಪಾಚಾರಿ ಪೆಟ್ಟಿಗೆ ಎತ್ತಿಕೊಂಡು ಗಾಡಿಯ ಕಡೆ ನಡೆದ. ಬೇಡ ಎನ್ನುವುದಕ್ಕೂ ಒಂದು ಕಾಲವಿರುತ್ತದೆ. ಅದು ಎಂದೋ ಕಳೆದುಹೋಗಿತ್ತು.

ಹೊಳೆ ದಾಟುವ ಮುನ್ನ ಎತ್ತುಗಳಿಗೆ ನೀರು ಕುಡಿಸಬೇಕಾಗಿತ್ತು. ಹುಡುಗಿ ಬಂದು ಅವನ ಪಕ್ಕದಲ್ಲಿ ಬಂಡೆಯ ಮೇಲೆ ಕುಳಿತಳು. ಅವಳ ಹೆಸರು ತಾರಿ.

"ತಾತ, ನಿಜವಾಗಿ ನೀವೇ ಇದನ್ನು ಮಾಡಿದ್ದಾ?"

"ಹೂಂ."

"ಬೇರೆ ಏನೇನು ಮಾಡಿದ್ದೀರಿ?"

ಅವನು ಬಹಳ ಹೊತ್ತು ನೆನಪು ಮಾಡಿಕೊಂಡ. "ಚಿಕ್ಕಂದಿನಲ್ಲಿ ಬೀಗ ಮಾಡುತ್ತಿದ್ದೆ."

"ನಮ್ಮೂರಲ್ಲಿ ಈಗ ಬೀಗ ಹಾಕಲಿಕ್ಕೆ ಬಾಗಿಲೇ ಇಲ್ಲ" ಎಂದಳು ತಾರಿ. ದೂರುವ ದನಿಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು.

"ನನ್ನ ಜೊತೆ ಬರುತ್ತೀಯೇನಮ್ಮ? ನಮ್ಮೂರಿಗೆ? ಅಲ್ಲಿ ಬಂದೂಕು ಹಿಡಿಯುವುದು ಬೇಡ."

ಅವಳು ಬಂದೂಕನ್ನು ಮಡಿಲಿಗೆ ಎಳೆದುಕೊಂಡಳು. "ಇದನ್ನು ಬಿಟ್ಟು ಇರಲಿಕ್ಕೆ ನನಗೆ ಭಯ ಆಗುತ್ತದೆ" ಎಂದಳು. ಆಮೇಲೆ ಗಾಡಿಯ ಕಡೆ ನೋಡಿ, "ಯೋಚನೆ ಮಾಡಿ ಹೇಳುತ್ತೇನೆ" ಎಂದಳು.

ಅಷ್ಟರಲ್ಲಿ ಆಚೆ ದಂಡೆಯಿಂದ ಗುಂಡುಗಳು ಬಂದವು. ಸಾಲಾಗಿ ಬಂದವು. ಗಾಡಿಯವನು ಮುದುಕನನ್ನು ಕೆಳಗೆಳೆದು ಚಕ್ರದ ಮರೆಗೆ ತಳ್ಳಿದ. ತಾರಿ ಎದ್ದು ನಿಂತು ತಿರುಗಿ ಹೊಡೆದಳು. ಅವಳ ಬಂದೂಕು ಒಂದು ಕ್ಷಣವೂ ತಡವರಿಸಲಿಲ್ಲ. ಆಚೆಯವರದ್ದೂ ತಡವರಿಸಲಿಲ್ಲ. ಗದ್ದಲ ನಿಂತಾಗ ಅವಳು ಬಂಡೆಯ ಬುಡದಲ್ಲಿ ಬಿದ್ದಿದ್ದಳು. ಉಸಿರಿರಲಿಲ್ಲ.

ಮಾನಪ್ಪಾಚಾರಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಗುಂಪಿನವನೊಬ್ಬ ಬಂದ. ಅವಳ ಬಂದೂಕನ್ನು ಎತ್ತಿಕೊಂಡ, ಅಂಟಿದ ಮಣ್ಣನ್ನು ಅಂಗೈಯಿಂದ ಒರೆಸಿದ, ಹೆಗಲಿಗೇರಿಸಿಕೊಂಡು ಹೋದ.

ಮುದುಕ ಸನ್ಮಾನಕ್ಕೆ ಹೋಗಲಿಲ್ಲ. ಅವಳನ್ನು ಮಣ್ಣು ಮಾಡಿ ಅಲ್ಲಿಂದಲೇ ಹಿಂತಿರುಗಿದ. ಆಯುಧಶಾಲೆಯನ್ನು ಮುಚ್ಚಿಸಬೇಕೆಂದು ಚೆನ್ನವೀರ ನಾಯಕನನ್ನು ಬೇಡಿಕೊಂಡ.

"ನಾವು ಮುಚ್ಚಿದರೆ ಲೋಕದಲ್ಲಿ ಮುಚ್ಚುತ್ತಾರೆಯೆ, ಆಚಾರ್ಯರೆ?" ಎಂದ ನಾಯಕ.

"ಇಲ್ಲ ದೊರೆಯೆ. ಆದರೆ ನಾನು ಇನ್ನು ಒಳಗೆ ಬರುವುದಿಲ್ಲ" ಎಂದು ಅವನು ಹೊರಗೆ ನಡೆದ.

ದೂರದೂರದ ಕಮ್ಮಾರರು ಅವನಿಂದ ಕಲಿಯಲು ಬರುವುದು ನಿಲ್ಲಲಿಲ್ಲ. ಇನ್ನೂ ಹಗುರವಾದದ್ದು, ಇನ್ನೂ ಬೇಗ ಹಾರುವುದು ಹೇಗೆ ಮಾಡುವುದೆಂದು ಕೇಳುತ್ತಿದ್ದರು. ಅವನು ಅವರನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ತಾರಿಯ ಕಥೆ ಹೇಳುತ್ತಿದ್ದ. ಕೆಲವರು ತಲೆ ತಗ್ಗಿಸಿ ಊರಿಗೆ ಮರಳಿದರು. ಹೆಚ್ಚಿನವರು ಮಜ್ಜಿಗೆ ಕುಡಿದು, ಎದ್ದು, ಆಯುಧಶಾಲೆಯ ಕಡೆ ನಡೆದರು. ಅವನು ಬದುಕಿರುವವರೆಗೂ ಹೇಳುವುದನ್ನು ಬಿಡಲಿಲ್ಲ.

ನೀತಿ: ಒಳ್ಳೆಯ ಕಾರಣಕ್ಕೆ ಮಾಡಿದ ಆಯುಧ ಹೊರಗೆ ಹೋಗುವಾಗ ಆ ಕಾರಣವನ್ನು ಜೊತೆಗೆ ಒಯ್ಯುವುದಿಲ್ಲ. ಯಾರ ಕೈ ಸೇರುತ್ತದೆ, ಯಾರ ಎದೆಗೆ ತಿರುಗುತ್ತದೆ ಎಂದು ಕೊಡುವ ಮೊದಲೇ ಕೇಳಬೇಕು. ಕೊಟ್ಟ ಮೇಲೆ ಪಡುವ ಪಶ್ಚಾತ್ತಾಪ ನಮ್ಮನ್ನು ಬದಲಿಸಬಹುದು, ಸತ್ತವರನ್ನು ಎಬ್ಬಿಸಲಾರದು.