ಮರದ ಕಲ್ಲಿಗೆ ತೂತು ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಹೊಳೆಗೂ ಮಾತು ಬರುತ್ತಿತ್ತು, ಕಡಲಿಗೂ ಬರುತ್ತಿತ್ತು, ಕಾಲಡಿಯ ಕೆಸರಿಗೂ ಬರುತ್ತಿತ್ತು.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹೊನ್ನಿ ಎಂಬ ಹೆಂಗಸು ಇದ್ದಳು. ಅವಳಿಗೆ ಒಬ್ಬಳೇ ಮಗಳು, ಮಂಕಾಳಿ. ಒಂದು ದಿನ ನೆರೆ ಬಂದು ದಡದ ಹೆಬ್ಬಲಸಿನ ಮರವನ್ನು ಬುಡಸಮೇತ ಕಿತ್ತಿತು. ನೀರಿಗೆ ಸಿಕ್ಕಿದ ಮಂಕಾಳಿ ಆ ಮರವನ್ನು ತಬ್ಬಿಕೊಂಡಳು. ಮರ ಅವಳನ್ನು ಹೊತ್ತು ಕಡಲಿಗೆ ತೇಲಿತು.

ಹೊನ್ನಿ ದಡದುದ್ದಕ್ಕೂ ಓಡಿದಳು, ಕಡಲನ್ನು ಬೇಡಿದಳು. ಗಾಳಿ ತಿರುಗಲಿ, ಅಲ್ಲಿವರೆಗೆ ಮರ ತೇಲುತ್ತಿದ್ದರೆ ದಡಕ್ಕೆ ತಂದುಬಿಡುತ್ತೇನೆ ಎಂದಿತು ಕಡಲು.

ಗಾಳಿ ತಿರುಗುವುದಕ್ಕೆ ದಿನಗಳೇ ಹಿಡಿದವು. ಅಷ್ಟರಲ್ಲಿ ಮರಕ್ಕೆ ಚಿಪ್ಪುಹುಳುಗಳು ಹತ್ತಿದ್ದವು. ಉಗುರಿನಷ್ಟು ಚಿಪ್ಪು, ಮೆತ್ತನೆಯ ಮೈ. ಕರ್ ಕರ್ ಎಂದು ಕೊರೆದು ಒಳಗೆ ಸೇರಿಕೊಂಡವು. ಕೊರೆದಷ್ಟೂ ನೀರು ಹೊಕ್ಕಿತು, ನೀರು ಹೊಕ್ಕಷ್ಟೂ ಮರ ತಗ್ಗಿತು.

ಕೊನೆಗೂ ಮರ ದಡದತ್ತ ಬಂತು. ಮಗಳ ತಲೆ ಕಾಣುತ್ತಿತ್ತು. ಹೊನ್ನಿ ಎದೆಮಟ್ಟ ನೀರಿಗಿಳಿದು, ಕೊರೆಯುವುದನ್ನು ನಿಲ್ಲಿಸಿ ಎಂದು ಹುಳುಗಳಿಗೆ ಕೈಮುಗಿದಳು.

"ಹೊರಗಿದ್ದರೆ ನಮ್ಮ ಮಕ್ಕಳನ್ನು ಮೀನು ತಿನ್ನುತ್ತದೆ ತಾಯಿ," ಎಂದಿತು ಒಂದು ಮುದಿ ಚಿಪ್ಪು. "ನಮಗೆ ಬೇರೆ ಮನೆಯಿಲ್ಲ."

ಮರ ಮುಳುಗಿತು. ಹೊನ್ನಿ ಮುಳುಗಿ ಮುಳುಗಿ ಹುಡುಕಿದಳು. ಮರ ಸಿಕ್ಕಿತು, ಮಗಳು ಸಿಗಲಿಲ್ಲ.

ನೀರಿಳಿದಾಗ ಅವಳು ಆ ಮರವನ್ನು ತಬ್ಬಿ ಕೂತಳು. ಒಳಗೆ ಇನ್ನೂ ಕರ್ ಕರ್. ನಾಲ್ಕು ದಿನ ಹೋದರೆ ಇದೂ ಉಳಿಯುವುದಿಲ್ಲ ಎನ್ನಿಸಿತು. ಮಗಳು ಕೊನೆಗೆ ತಬ್ಬಿದ್ದು ಇದನ್ನೇ, ಇಷ್ಟಾದರೂ ಉಳಿಸಿಕೊಡು ಎಂದು ಕೆಸರನ್ನು ಕೇಳಿದಳು.

"ನಾನು ಮುಚ್ಚಿದರೆ ಮರ ಉಳಿಯುತ್ತದೆ," ಎಂದಿತು ಕೆಸರು. "ಒಳಗಿರುವ ಮಕ್ಕಳಿಗೆ ಉಸಿರು ಸಿಗುವುದಿಲ್ಲ. ಆಗಬಹುದೇ?"

ಹೊನ್ನಿ ಮರದ ತೂತುಗಳ ಮೇಲೆ ಕೈಯಾಡಿಸಿದಳು.

"ಮುಚ್ಚು," ಎಂದಳು.

ಕೆಸರು ಮುಚ್ಚಿತು. ಅವಳು ಕಿವಿಯಿಟ್ಟು ಕೇಳಿದಳು. ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತುಹೋಯಿತು. ಅವಳ ದುಃಖ ಎಳ್ಳಷ್ಟೂ ಇಳಿಯಲಿಲ್ಲ. ಅದರ ಮೇಲೆ ಇನ್ನೊಂದು ಬಂದು ಕೂತಿತು. ಉಗುರು ಕಿತ್ತುಬರುವ ಹಾಗೆ ಕೆಸರನ್ನು ಕೆರೆದಳು. ಬಿಟ್ಟುಬಿಡು, ತಪ್ಪಾಯಿತು ಎಂದು ಅತ್ತಳು. ಕೆಸರು ಆಗಲೇ ಗಟ್ಟಿಯಾಗತೊಡಗಿತ್ತು. ಅದು ಮತ್ತೆ ಮಾತಾಡಲಿಲ್ಲ.

ಹೊನ್ನಿ ಮನೆಗೆ ಹೋಗಲಿಲ್ಲ. ಮರ ಕಲ್ಲಾಯಿತು, ಕಡಲು ದೂರ ಸರಿಯಿತು.

ಅದಕ್ಕೇ ಮಗು, ಕಡಲೇ ಕಾಣದ ಬಯಲಿನಲ್ಲೂ ಒಮ್ಮೊಮ್ಮೆ ಮರದ ಗೆರೆಯಿರುವ ಕಲ್ಲು ಸಿಗುತ್ತದೆ. ಅದರ ತುಂಬ ಕಿರುಬೆರಳಿನಷ್ಟು ತೂತುಗಳು, ಒಂದೊಂದು ತೂತಿನ ಬಾಯಲ್ಲೂ ಕಲ್ಲಾದ ಕೆಸರು.