ತಿರುಗಿದಪ್ಪನ ಬಂಡೆ

ಯಾಗಪ್ಪನಕೊಪ್ಪಲಿನ ಕೊನೆಯ ಮನೆ ದಾಟಿದ ಕೂಡಲೇ ಪಡುವಲಿಗೆ ಒಂದು ಹೆಬ್ಬಂಡೆ ಏಳುತ್ತದೆ. ಮಲಗಿದ ಆನೆಯಂತಿದೆ ಎಂದು ನೋಡಿದವರು ಹೇಳುತ್ತಾರೆ. ನನಗೆ ಎಂದೂ ಹಾಗೆ ಕಂಡಿಲ್ಲ. ಅದರ ನೆತ್ತಿಯಲ್ಲಿ ಒಂದು ಕಲ್ಲಿನ ಶಿಲುಬೆಯಿದೆ. ಶಿಲುಬೆಯ ಮುಂದೆ ಬಂಡೆಯಲ್ಲೇ ಕೊರೆದ ಪೀಠವಿದೆ. ಆ ಪೀಠದಲ್ಲಿ ಕೂತವನ ಮುಖ ಶಿಲುಬೆಗೆ, ಬೆನ್ನು ಊರಿಗೆ. ಈಗ ಅಲ್ಲಿ ಯಾರೂ ಕೂರುವುದಿಲ್ಲ. ಅದರ ಗುಳಿಯಲ್ಲಿ ಹಾವಸೆ ಬೆಳೆದು ಒಣಗಿ ಮತ್ತೆ ಬೆಳೆಯುತ್ತದೆ. ಆದರೆ ಪೀಠದ ಹಿಂದೆಯೇ, ಯಾರೂ ಉಳಿ ಮುಟ್ಟಿಸದ ಬರಿಯ ಬಂಡೆಯ ಮೇಲೆ, ಒಬ್ಬ ಮನುಷ್ಯ ಕೂರುವಷ್ಟು ಜಾಗ ಹೊಳೆಯುವಂತೆ ನುಣುಪಾಗಿದೆ. ಬಂಡೆಯ ಬುಡದಲ್ಲಿ ನೆಟ್ಟಿರುವ ಹಲಗೆಯಲ್ಲಿ, ಸಿಡಿಲು ಬಡಿದು ಬಂಡೆಯೇ ತಿರುಗಿ ನಿಂತಿತು, ಅದಕ್ಕೇ ಇದು ತಿರುಗಿದಪ್ಪನ ಬಂಡೆ ಎಂದು ಬರೆದಿದೆ. ಬಂಡೆ ಕೂದಲೆಳೆಯಷ್ಟೂ ತಿರುಗಿಲ್ಲ. ಹಲಗೆ ಬದಲಾಯಿಸಿ ಎಂದು ಕೇಳಿ ಕೇಳಿ ಸಾಕಾಗಿ, ಕೆಳಗಿನ ಬೀದಿಯ ಹೆಂಗಸರು ರಾಗಿ ಬೀಸುತ್ತ ಹೇಳಿಕೊಂಡು ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರು ಕ್ರಿಸ್ತನ ಹೆಸರು ಹಿಡಿದ ಹೊಸತರಲ್ಲಿ, ವರ್ಷಕ್ಕೊಮ್ಮೆ ನಡೆದು ಬರುತ್ತಿದ್ದ ಒಬ್ಬ ಪಾದ್ರಿಸ್ವಾಮಿ ಪ್ರಸಂಗ ಮಾಡುತ್ತ, ದೇವರು ಮುಖ ನೋಡಿ ನ್ಯಾಯ ಹೇಳುವವನಲ್ಲ ಎಂದರಂತೆ. ನಮ್ಮವರು ಕೇಳಿದ್ದನ್ನು ಕೇಳಿದ ಹಾಗೆಯೇ ಮಾಡುವ ಜನ. ದೇವರೇ ಮುಖ ನೋಡುವುದಿಲ್ಲ ಎಂದ ಮೇಲೆ ಊರಿನ ನ್ಯಾಯ ಹೇಳುವ ಯಜಮಾನ ಯಾಕೆ ನೋಡಬೇಕು? ಹೀಗೆಂದು ಬಂಡೆಯಲ್ಲಿ ಪೀಠ ಕೊರೆಸಿದರು. ಕ್ರಿಸ್ತ ಮರಳಿ ಎದ್ದ ಪಾಸ್ಕ ಹಬ್ಬಕ್ಕೆ ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ, ಊರಿನ ವ್ಯಾಜ್ಯಗಳೆಲ್ಲ ಅಲ್ಲಿ ತೀರಬೇಕು. ಯಜಮಾನ ಅದರ ಮುನ್ನಾದಿನ ಬಂಡೆಯ ಗವಿಯಲ್ಲಿ ಉಪವಾಸವಿದ್ದು, ಯಾರೊಡನೆಯೂ ಮಾತಾಡದೆ, ಬೆಳಿಗ್ಗೆ ಬಂದು ಊರಿಗೆ ಬೆನ್ನು ಹಾಕಿ ಕೂರಬೇಕು. ಬಂಡೆಯ ಮೇಲೆ ಯಾರೂ ಹೆಸರು ಹೇಳಬಾರದು, ಬೀದಿ ಹೇಳಬಾರದು, ಯಜಮಾನನ ನಂಟು ಹೇಳಬಾರದು. ಹೇಳಿದವರು ಅಲ್ಲಿಗೇ ಸೋತಂತೆ. ಕಾಯಿಲೆಯವರೋ ಮೂಗರೋ ದುಃಖದಲ್ಲಿ ಮಾತು ಹೊರಡದವರೋ ಆದರೆ ತಮ್ಮ ಅಹವಾಲನ್ನು ಇನ್ನೊಬ್ಬರ ಬಾಯಿಗೆ ಒಪ್ಪಿಸಬಹುದಿತ್ತು. ಹಾಗೆ ಇನ್ನೊಬ್ಬರ ಪರವಾಗಿ ಆಡುವುದಕ್ಕೆ ನಾಲಿಗೆ ಕೊಡುವುದು ಎನ್ನುತ್ತಿದ್ದರು. ನಾಲಿಗೆ ಕೊಟ್ಟವರು 'ನಾನು, ನನ್ನ' ಎಂದೇ ಆಡಬೇಕು. ಇಷ್ಟೆಲ್ಲ ಕಟ್ಟುಮಾಡಿದ ಮೇಲೆ ತಮ್ಮ ಊರಿನಷ್ಟು ನೆಟ್ಟಗಿನ ನ್ಯಾಯ ಎಲ್ಲೂ ಇಲ್ಲವೆಂದು ಊರಿಗೆ ಹೆಮ್ಮೆಯಿತ್ತು. ಊರಿನ ಕ್ರಿಸ್ತನ ಗುಡಿಗೆ ಎರಡು ಬಾಗಿಲು, ಮೇಲಿನ ಬೀದಿಗೆ ಒಂದು, ಕೆಳಗಿನ ಬೀದಿಗೆ ಒಂದು. ಮೇಲಿನವರು ಕೆಳಗಿನವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಅದು ಬೇರೆ ವಿಷಯ ಎಂದುಕೊಂಡಿದ್ದರು. ಬೆನ್ನು ಹಾಕಿ ಹೇಳಿದ ತೀರ್ಪುಗಳು ಯಾಕೋ ಮೇಲಿನ ಬೀದಿಯ ಕಡೆಗೇ ವಾಲುತ್ತವೆ ಎಂಬುದನ್ನು ಕೆಳಗಿನ ಬೀದಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿದವರಿರಲಿಲ್ಲ.

ಹಿಂದೆ ಒಮ್ಮೆ, ಇನ್ನಾಸಪ್ಪನೆಂಬವನು ಯಜಮಾನನಾಗಿದ್ದ ಕಾಲದಲ್ಲಿ, ಪಾಸ್ಕ ಹಬ್ಬ ತಡವಾಗಿ ಬಂದು, ಅದಕ್ಕೆ ಮುಂಚೆಯೇ ಒಂದು ಒಳ್ಳೆಯ ಮಳೆ ಬಿತ್ತು. ಎಳ್ಳು ಬಿತ್ತುವ ಹದ. ಇನ್ನಾಸಪ್ಪ ಪಾದ್ರಿಸ್ವಾಮಿಯನ್ನು ಹಬ್ಬಕ್ಕೆ ಕರೆಯಲು ನದಿಯಾಚೆ ಪಾದ್ರಿಗಳು ತಂಗುವ ಠಾಣೆಗೆ ಹೋಗಿದ್ದ. ಅವನ ಮಗ ಚೌರಪ್ಪ, ಹೊಸ ಎತ್ತುಗಳ ಮೈ ಬಿಸಿ ಮಾಡುತ್ತೇನೆಂದು ಕೆರೆಯ ಇಳಿಜಾರಿನಲ್ಲಿ ಬಂಡಿ ಓಡಿಸಿದ. ದಾರಿಯ ನಡುವೆ ಒಂದು ಹೆಣ್ಣುಮಗು ಕೂತು ಮಣ್ಣಾಡುತ್ತಿತ್ತು. ಅದು ಚೌರಪ್ಪನ ಅಕ್ಕ ಮಗ್ದಲಮ್ಮನ ಮಗಳು. ಕೆಳಗಿನ ಬೀದಿಯ ಅರುಳಪ್ಪ ಓಡಿಬಂದು ಮಗುವನ್ನು ಬೇಲಿಗೆ ತಳ್ಳಿದ. ಗಾಲಿ ಅವನ ತೊಡೆಯ ಮೇಲೆ ಹರಿಯಿತು. ಬಂಡಿ ನಿಲ್ಲಲಿಲ್ಲ. ಕೆರೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಮಗ್ದಲಮ್ಮ ಇದನ್ನೆಲ್ಲ ಕಣ್ಣಾರೆ ಕಂಡಳು.

ಅರುಳಪ್ಪನಿಗಿದ್ದದ್ದು ಗುಡಿಯ ಹೊಲ. ಗುಡಿಯ ಹೊಲದ ಕಟ್ಟಳೆ ಹೀಗಿತ್ತು: ಮೊದಲ ಹದಕ್ಕೆ ಬಿತ್ತದೆ ಬಿಟ್ಟರೆ ಹೊಲ ಯಜಮಾನನ ಕೈಗೆ ಮರಳುತ್ತದೆ, ಅವನು ಬೇರೆಯವರಿಗೆ ಕೊಡುತ್ತಾನೆ. ಅರುಳಪ್ಪ ಚಾಪೆ ಬಿಟ್ಟು ಏಳುವಂತಿರಲಿಲ್ಲ. ಅವನ ಹೆಂಡತಿ ಜ್ಞಾನಮ್ಮ ಕೆಳಗಿನ ಬೀದಿಯಲ್ಲಿ ಎತ್ತು ಕೇಳಿದಳು. ಯಜಮಾನನ ಮಗನ ವ್ಯಾಜ್ಯದಲ್ಲಿ ಕೈಯಿಡಲು ಎಲ್ಲರೂ ಹೆದರಿದರು. ಬೆಳಿಗ್ಗೆ ಎದ್ದು ಅವಳು ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಿದ್ದಳಂತೆ. ಮೊದಲು ಉಂಡೆಯಾಗುತ್ತಿದ್ದದ್ದು ಬರಬರುತ್ತ ಬೆರಳ ಸಂದಿಯಲ್ಲಿ ಉದುರತೊಡಗಿತು. ಇನ್ನು ಉಳಿದದ್ದು ಬಂಡೆಯ ನ್ಯಾಯ ಒಂದೇ. ಚೌರಪ್ಪನಿಗೆ ಅದರ ಚಿಂತೆಯಿರಲಿಲ್ಲ. "ಅಪ್ಪಯ್ಯ ಬೆನ್ ಮಾಡ್ಕಂಡ್ ಕೂತ್ರೇನ್ಲಾ, ನಾನೊಂದ್ ಸಲ ಕೆಮ್ಮುದ್ರೆ ಸಾಕು, ತೀರ್ಪು ಅಲ್ಲೇ ಬಿತ್ತು ಅನ್ಕೊ" ಎಂದು ಗೆಳೆಯರ ನಡುವೆ ನಕ್ಕಿದ್ದ. ಆ ಮಾತು ಕೆಳಗಿನ ಬೀದಿಗೆ ಬಂದು ಮುಟ್ಟಿತು.

ಜ್ಞಾನಮ್ಮ ಅದನ್ನು ಕೇಳಿ ಅಳಲಿಲ್ಲ ಎನ್ನುತ್ತಾರೆ. ಸೆರಗು ಬಿಗಿದು ನೇರವಾಗಿ ಮಗ್ದಲಮ್ಮನ ಹಿತ್ತಿಲಿಗೆ ಹೋಗಿ ನಿಂತಳು. "ಯಜಮಾನ್ರು ಕಣ್ಣು ತಿರುಗಿಸ್ಕಂಡವ್ರೆ, ಕಿವಿ ಮುಚ್ಕಂಡಿಲ್ಲ ಕಣವ್ವ. ನನ್ ಬಾಯಿಂದ 'ಬುದ್ಧಿ' ಅಂತ ಬಂದೇಟ್ಗೆ ಯಾವ ಬೀದಿ ಅಂತ ಗೊತ್ತಾಯ್ತದೆ. ನಿನ್ ನಾಲ್ಗೆ ಕೊಡು. ಬೇರೇನೂ ಬ್ಯಾಡ ನಂಗೆ" ಎಂದಳು. ಮಗ್ದಲಮ್ಮ ಬೆಚ್ಚಿದಳು. "ಅವ್ನು ನನ್ನ ಒಡಹುಟ್ಟಿದ ತಮ್ಮ ಕಣೆ." "ನಿನ್ ಮಗಳ್ನ ತಳ್ಳಿದ್ ಕೈ ಯಾರ್ದವ್ವ?" ಎಂದು ಕೇಳಿ ಜ್ಞಾನಮ್ಮ ಉತ್ತರಕ್ಕೆ ಕಾಯದೆ ಹೊರಟುಬಿಟ್ಟಳು. ಮಗ್ದಲಮ್ಮ ಅಪ್ಪನಿಗೇ ಎಲ್ಲ ಹೇಳಿಬಿಡೋಣವೆಂದು ದಾರಿ ಕಾದಳು. ಆದರೆ ಇನ್ನಾಸಪ್ಪ ಪ್ರಯಾಣದಿಂದ ಬಂದವನು ಮನೆಗೂ ಬರದೆ, ಕಾಲಿನ ಧೂಳು ಸಹ ತೊಳೆಯದೆ, ನೇರ ಗವಿಗೆ ಹೋದ. ಅವಳು ಗವಿಯ ಬಾಯಲ್ಲಿ ನಿಂತು ಕರೆದಾಗ ಕೈ ಅಡ್ಡ ಹಿಡಿದು ಮುಖ ತಿರುಗಿಸಿದ. ಕಟ್ಟುಪಾಡೆಂದರೆ ಅವನಿಗೆ ಪ್ರಾಣ.

ಮರುದಿನ ಬಿಸಿಲೇರುವ ಮುಂಚೆಯೇ ಊರೆಲ್ಲ ಬಂಡೆಯ ಮೇಲಿತ್ತು. ಅರುಳಪ್ಪನನ್ನು ಬಿದಿರ ತಟ್ಟಿಯ ಮೇಲೆ ಹೊತ್ತು ತಂದರು. ಅಲುಗಿದಾಗ ನರಳದಂತೆ ಅವನು ಹೆಗಲವಸ್ತ್ರವನ್ನು ಹಲ್ಲಿನಲ್ಲಿ ಕಚ್ಚಿದ್ದ. ಇನ್ನಾಸಪ್ಪ ಪೀಠದಲ್ಲಿ ಶಿಲುಬೆಗೆ ಮುಖ ಮಾಡಿ ಕೂತಿದ್ದ. ಕಾಣುತ್ತಿದ್ದದ್ದು ಅವನ ಅಗಲ ಬೆನ್ನು, ನರೆತ ಹಿಂದಲೆ. ವರ್ಷಾನುಗಟ್ಟಲೆ ನೋಡಿ ನೋಡಿ ಊರಿನವರು ಆ ಬೆನ್ನನ್ನೇ ಓದಲು ಕಲಿತಿದ್ದರು. ಚೌರಪ್ಪ ಮುಂದೆ ಬಂದು, ಹೇಳಿದ್ದಂತೆಯೇ ಒಮ್ಮೆ ಕೆಮ್ಮಿದ. ಬೆನ್ನು ಸ್ವಲ್ಪ ಸಡಿಲವಾಯಿತು. ಮೇಲಿನ ಬೀದಿಯ ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ಜ್ಞಾನಮ್ಮ ಮಾತು ಹೊರಡದವಳಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು, ಅವಳ ಪಕ್ಕಕ್ಕೆ ಮಗಳನ್ನು ಎತ್ತಿಕೊಂಡು ಮಗ್ದಲಮ್ಮ ಬಂದು ನಿಂತಳು. ಜ್ಞಾನಮ್ಮ ಅವಳತ್ತ ತಿರುಗಿಯೂ ನೋಡಲಿಲ್ಲ. ಮಗ್ದಲಮ್ಮ ಬಾಯಿಬಿಟ್ಟಳು: "ನನ್ ಗಂಡನ ತೊಡೆ ಮುರ್ದದೆ. ಕೂಸನ್ನ ಉಳ್ಸಕ್ಕೆ ಹೋಗಿ ಬಂಡಿಗೆ ಸಿಕ್ದ. ಓಡ್ಸಿದೋನು ಇಳ್ದೂ ನೋಡ್ನಿಲ್ಲ. ನನ್ ಹೊಲ ಹಂಗೇ ಬಿದ್ದದೆ, ಹದ ಆರೋಯ್ತಾ ಅದೆ."

ಇನ್ನಾಸಪ್ಪನ ಬೆನ್ನು ಕಲ್ಲಿನಂತೆ ಸೆಟೆದುಕೊಂಡಿತು. ಊರಲ್ಲಿಲ್ಲದ ಅವನಿಗೆ ಏನೂ ತಿಳಿದಿರಲಿಲ್ಲ. ಅಳಿಯನೇ ಮುರಿದು ಬಿದ್ದಿದ್ದಾನೆ, ಮಗಳೇ ತನ್ನ ಮಗನ ಮೇಲೆ ದೂರು ತಂದಿದ್ದಾಳೆ ಎಂದುಕೊಂಡ. ಚೌರಪ್ಪ, "ದಾರೀಲಿ ಕೂಸು ಬುಟ್ಟೋರ್ದು ತಪ್ಪು" ಎಂದು ತೊದಲಿದ, ಮತ್ತೆ, "ಬಿದ್ದೋನು ಕೆಳಗ್..." ಎನ್ನುವಷ್ಟರಲ್ಲಿ ಅವನ ದೊಡ್ಡಪ್ಪನೇ ಹಿಂದಿನಿಂದ ಬಾಯಿಗೆ ಅಂಗೈ ಒತ್ತಿ, "ಬೀದಿ ಹೆಸ್ರೆತ್ತಿದ್ರೆ ಸೋತೆ ಕಣೋ, ಮುಚ್ಚು!" ಎಂದು ಪಿಸುಗುಟ್ಟಿದ. ತಾವೇ ಕಟ್ಟಿದ ಕಟ್ಟು ಅವತ್ತು ಮೇಲಿನ ಬೀದಿಯ ಬಾಯನ್ನು ಹೊಲಿದಿತ್ತು. ಇನ್ನಾಸಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಆವರೆಗೂ ಅವನು ಹೇಳಿದ ಯಾವ ನ್ಯಾಯದಲ್ಲೂ ಎರಡು ಕಡೆಯೂ ಅವನ ಮಕ್ಕಳಿರಲಿಲ್ಲ. ಯಾವ ಕಡೆಗೆ ವಾಲಿದರೂ ತನ್ನದೇ ಒಂದು ಕೈ ಮುರಿದಂತೆ. ಹಾಗೆ ಒದ್ದಾಡಿ, ಕೊನೆಗೆ ವಾಲದೆ ಹೇಳಿದ: "ಮುರಿದವನೇ ಉಳಬೇಕು. ಆಳಿನ ಕೈಯಲ್ಲಿ ಅಲ್ಲ, ತನ್ನ ಎತ್ತು, ತನ್ನ ಕೈ. ಬಿದ್ದವನು ಎದ್ದು ನಡೆಯುವ ತನಕ ಆ ಹೊಲ ಇವನ ಜವಾಬ್ದಾರಿ. ಉಳುವವನು ಹೊಲದವರ ಮನೆಯಲ್ಲೇ ಉಣ್ಣಲಿ. ಅವರು ಹಾಕಿದ್ದನ್ನು ಉಣ್ಣಲಿ."

ಕೆಳಗಿನ ಬೀದಿಯ ನೀರನ್ನೂ ಮುಟ್ಟದ ಮೇಲಿನವರು ಆ ಕೊನೆಯ ಮಾತಿಗೆ ಬೆಚ್ಚಿದರು. ಅಕ್ಕ ತಮ್ಮ ಒಂದೇ ತಟ್ಟೆಯಲ್ಲಿ ಉಂಡು ಮುನಿಸು ಮರೆಯಲೆಂದು ಅವನು ಹೇಳಿದ್ದ. ತೀರ್ಪು ಬಿದ್ದ ಮೇಲೆ ಬಾಯಿಕಟ್ಟು ಇರಲಿಲ್ಲ. ಮಗ್ದಲಮ್ಮ, ಬಂಡೆಯ ಮೇಲೆ ಯಾರೂ ಆವರೆಗೆ ಕರೆಯದ ಹೆಸರಿನಿಂದ ಕರೆದಳು: "ಅಪ್ಪಾ, ತಿರುಗಪ್ಪ. ಒಂದ್ ಸಲ ತಿರುಗಿ ನೋಡು." ಯಜಮಾನ ಪೀಠದಿಂದ ಇಳಿಯುವ ತನಕ ತಿರುಗುವಂತಿರಲಿಲ್ಲ. ಅವನು ತಿರುಗಿದ. ತಟ್ಟಿಯ ಮೇಲೆ ಅರುಳಪ್ಪ, ಬಾಯಿ ಮುಚ್ಚಿ ನಿಂತ ಜ್ಞಾನಮ್ಮ, ಅವಳ ಪಕ್ಕದಲ್ಲಿ ತನ್ನ ಮಗಳು, ಮಗಳ ಕಂಕುಳಲ್ಲಿ ಬೇಲಿಯ ಮುಳ್ಳು ಗೀರಿದ ಕೆನ್ನೆಯ ಮೊಮ್ಮಗಳು. ಎಲ್ಲವೂ ಅವನಿಗೆ ಅರ್ಥವಾಗುತ್ತ ಬಂದಂತೆ ಮೇಲಿನ ಬೀದಿ ಕೂಗಾಡಿತು. ಇದು ಮೋಸ, ತೀರ್ಪು ಸಲ್ಲದು, ನಮ್ಮ ಹುಡುಗ ಆ ಮನೆಯಲ್ಲಿ ಉಣ್ಣುವುದೇ ಎಂದು ಕೆಲವರು ಕೋಲು ಬಡಿದರು. ಇನ್ನಾಸಪ್ಪ ಅವರತ್ತ ನೋಡದೆ ಜ್ಞಾನಮ್ಮನಿಗೆ, "ಅದೇ ಮಾತ ನೀನು ಹೇಳವ್ವ" ಎಂದ. ಅವಳು ಸೆರಗು ತೆಗೆದಳು. "ನನ್ ಗಂಡನ ತೊಡೆ ಮುರ್ದದೆ ಬುದ್ಧಿ. ನನ್ ಹೊಲದ ಹದ ಆರೋಯ್ತಾ ಅದೆ."

ಅವನು ಅವಳ ಮುಖವನ್ನೇ ನೋಡಿದ ಎನ್ನುತ್ತಾರೆ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ ಮಾತು ನಮ್ಮ ಬೀದಿಯಲ್ಲಿ ಒಂದಕ್ಷರ ಸವೆಯದೆ ಉಳಿದಿದೆ: "ನನ್ ಮಗಳ ಬಾಯಲ್ಲಿ ನ್ಯಾಯವಾದದ್ದು ಇವಳ ಬಾಯಲ್ಲಿ ಬೇರೆಯಾಗಿ ಕೇಳಿಸ್ತು ನನಗೆ. ದೇವರಿಗೆ ಹಾಗೆ ಕೇಳಿಸಲ್ಲ. ಅವನು ನಮಗೆ ಬೆನ್ನು ಹಾಕಿ ಕೂತಿಲ್ಲ ಕಣ್ರಪ್ಪ, ಅವನು ಎಲ್ಲರ ಮುಖವನ್ನೂ ನೋಡ್ತಾನೆ, ಎಲ್ಲಾ ಅವನ ಮಕ್ಕಳ ಮುಖ. ತೀರ್ಪು ಬದಲಾಗಲ್ಲ." ಹೀಗೆಂದು ಪೀಠದಿಂದ ಇಳಿದು, ಅದರ ಹಿಂದಿನ ಬರಿಯ ಬಂಡೆಯ ಮೇಲೆ, ಶಿಲುಬೆಯನ್ನು ಬೆನ್ನಿಗಿಟ್ಟುಕೊಂಡು ಊರಿಗೆ ಮುಖ ಮಾಡಿ ಕೂತ. ಉಳಿದ ವ್ಯಾಜ್ಯಗಳನ್ನು ಅಲ್ಲಿಂದಲೇ ಕೇಳಿದ.

ಚೌರಪ್ಪ ಅಂದೇ ಎತ್ತು ಕಟ್ಟಿದ. ಉತ್ತಿದ್ದೇನೋ ಸರಿ, ಮಧ್ಯಾಹ್ನ ಜ್ಞಾನಮ್ಮನ ಜಗುಲಿಯಲ್ಲಿ ರಾಗಿಮುದ್ದೆಯ ಮುಂದೆ ಕೂತು ಕೈ ಚಾಚದೆ ನೆಲ ನೋಡುತ್ತಿದ್ದ. ಬೇಲಿಯಾಚೆ ಅವನ ಬೀದಿಯ ಗೆಳೆಯರು ನಿಂತು ನೋಡುತ್ತಿದ್ದರು. ಉಣ್ಣದೆ ಎದ್ದರೆ ತೀರ್ಪು ಮುರಿದಂತೆ, ಬಿತ್ತದ ಹೊಲ ಅರುಳಪ್ಪನ ಕೈಬಿಟ್ಟು ಹೋದಂತೆ. ಜ್ಞಾನಮ್ಮ ಒಳಗಿನಿಂದಲೇ, "ನಮ್ ಹುಲ್ಲ ನಿನ್ ಎತ್ತು ಉಂಡಾಯ್ತು ಕಣಪ್ಪ. ಅವಕ್ಕೇನು ಆಗ್ಲಿಲ್ಲ. ನೀನೂ ಉಣ್ಣು" ಎಂದಳು. ಒಳಗೆ ಮಲಗಿದ್ದ ಅರುಳಪ್ಪ ನೋವಿನಲ್ಲೂ ನಕ್ಕುಬಿಟ್ಟ. ಚೌರಪ್ಪ ಇನ್ನೂ ಕೂತೇ ಇದ್ದ. ಆಗ ಓಣಿಯಲ್ಲಿ ಕೋಲೂರುತ್ತ ಇನ್ನಾಸಪ್ಪ ಬಂದ. ಯಾರ ಅಪ್ಪಣೆಯನ್ನೂ ಕೇಳದೆ ಮಗನ ಪಕ್ಕದಲ್ಲಿ ಕುಕ್ಕರಿಸಿ, "ಉಪವಾಸ ಮುರಿದಿಲ್ಲ ಇನ್ನೂ. ನನಗೂ ಒಂದು ಮುದ್ದೆ ಹಾಕವ್ವ" ಎಂದ. ಅಪ್ಪ ಮುದ್ದೆ ಮುರಿದ ಮೇಲೆ ಮಗನೂ ಮುರಿದ. ಹದ ಆರುವ ಮುಂಚೆ ಎಳ್ಳು ಮಣ್ಣಿಗೆ ಬಿತ್ತು.

ಅಷ್ಟಕ್ಕೇ ಊರು ನೆಟ್ಟಗಾಯಿತೆಂದು ನಾನು ಬರೆಯಲಾರೆ. ಇನ್ನಾಸಪ್ಪನ ಮನೆಯವರನ್ನು ಮೇಲಿನ ಬೀದಿ ಬಹಳ ಕಾಲ ಮದುವೆಗೆ ಕರೆಯಲಿಲ್ಲ. ಗುಡಿಯ ಎರಡನೆಯ ಬಾಗಿಲು ಅವನು ಸತ್ತು ಎಷ್ಟೋ ಕಾಲದ ಮೇಲೆ ಮುಚ್ಚಿತು; ಇಟ್ಟಿಗೆ ತುಂಬಿದ ಆ ಚೌಕಟ್ಟಿನ ಗುರುತು ತೆಂಕಣ ಗೋಡೆಯಲ್ಲಿ ಸುಣ್ಣದ ಕೆಳಗೆ ಈಗಲೂ ಕಾಣುತ್ತದೆ. ಆದರೆ ಅವತ್ತಿನಿಂದ ಆ ಪೀಠದಲ್ಲಿ ಯಾರೂ ಕೂರಲಿಲ್ಲ. ಗರಿಗಳ ಭಾನುವಾರದ ಹಿಂದಿನ ದಿನ ಬಂದರೆ ನೀವೇ ನೋಡಬಹುದು: ನ್ಯಾಯ ಹೇಳುವವರು ಹಾವಸೆಗಟ್ಟಿದ ಪೀಠವನ್ನು ದಾಟಿ, ಅದರ ಹಿಂದಿನ ನುಣುಪು ಬಂಡೆಯ ಮೇಲೆ ಊರಿಗೆ ಮುಖ ಮಾಡಿ ಕೂರುತ್ತಾರೆ. ಎದುರು ನಿಂತವರನ್ನು ಅವರು ಮೊದಲು ಹೆಸರು ಹಿಡಿದು ಕರೆಯುತ್ತಾರೆ. ಬುಡದಲ್ಲಿ ಅರುಳಪ್ಪನ ಹೊಲವಿದೆ. ಎಳ್ಳಿನ ಕಾಲಕ್ಕೆ ಅದರ ಮೊದಲ ಸಾಲನ್ನು ಚೌರಪ್ಪನ ವಂಶದವರು ಬಂದು ಹೊಡೆದು, ಜ್ಞಾನಮ್ಮನ ವಂಶದವರ ಜಗುಲಿಯಲ್ಲಿ ಕೂತು ಮುದ್ದೆ ಉಂಡು ಹೋಗುತ್ತಾರೆ. ಈ ವರ್ಷ ಬಡಿಸಿದವಳು ನಾನು. ಬಂದ ಹುಡುಗ ಎರಡು ಮುದ್ದೆ ಉಂಡ.