ಗಾರೆ ಒಣಗುವವರೆಗೆ

“ಬುದ್ಧೀ, ಹಂಬಲವನ್ನು ಗೆಲ್ಲುವುದು ಹೇಗೆ?” ಎಂದು ಬೋರಲಿಂಗ ಕೇಳಿದ. ಮಠಕ್ಕೆ ಸೇರಿ ಆರು ತಿಂಗಳಾದರೂ ಅವನ ಕಿವಿಯಿಂದ ತಾಯಿಯ ದನಿ ಹೋಗಿರಲಿಲ್ಲ.

“ಗೆಲ್ಲೋಕೆ ಅದೇನು ಕುಸ್ತಿಯೇನಪ್ಪಾ? ಕೂತು ಕೇಳು,” ಎಂದು ಗುರುಗಳು ಕತೆ ಹೇಳತೊಡಗಿದರು.

ಒಬ್ಬ ನೀರುಗಂಟಿ ಇದ್ದ. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವುದು, ನಿಲ್ಲಿಸುವುದು ಅವನ ಕೆಲಸ. ದಿನಾ ಮಧ್ಯಾಹ್ನ ಅವನ ಹೆಂಡತಿ ಕೆರೆ ಏರಿಯ ಮೇಲೆ ನಿಂತು, “ಮುದ್ದೆ ಆರೋಗ್ತದೆ, ಬಾರಯ್ಯೋ!” ಎಂದು ಕೂಗುತ್ತಿದ್ದಳು. ಆ ಕೂಗು ಆಚೆ ದಡಕ್ಕೂ ಮುಟ್ಟುತ್ತಿತ್ತು. ಇವನೋ ಭಾರಿ ಆಸಾಮಿ. ಕೇಳಿಸಿದರೂ ಕೇಳಿಸದವನ ಹಾಗೆ ಇದ್ದು, ಎರಡನೆಯ ಸಲ ಕೂಗಿಸಿಕೊಂಡೇ ಹೊರಡುತ್ತಿದ್ದ.

ಒಂದು ವರ್ಷ ಊರಿಗೆ ವೈರಸ್ ಜ್ವರ ಬಂತು. ಅವಳಿಗೆ ಅದು ಶ್ವಾಸಕೋಶಕ್ಕೇ ಇಳಿಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಉಸಿರಾಡಿಸಲು ಗಂಟಲಿಗೆ ಕೊಳವೆ ಹಾಕಿದರು. ಅದೂ ಸಾಲದೆ ಇನ್ನೊಂದು ಯಂತ್ರ ಜೋಡಿಸಿದರು. ಒಂದು ಕೊಳವೆಯಲ್ಲಿ ರಕ್ತ ಕಪ್ಪಗೆ ಹೊರಗೆ ಬರುತ್ತಿತ್ತು. ಯಂತ್ರ ಅದಕ್ಕೆ ಪ್ರಾಣವಾಯು ತುಂಬುತ್ತಿತ್ತು. ಇನ್ನೊಂದು ಕೊಳವೆಯಲ್ಲಿ ಅದು ಕೆಂಪಗೆ ಮೈಯೊಳಗೆ ಮರಳುತ್ತಿತ್ತು.

ಹನ್ನೆರಡನೆಯ ದಿನ ಅವಳು ಕಣ್ಣು ಬಿಟ್ಟಳು. ಗಂಡನನ್ನು ನೋಡಿದಳು. ತುಟಿ ಅಲುಗಿತು, ದನಿ ಇಲ್ಲ. ಅಯ್ಯೋ, ಬೇಕೆಂದೇ ಎರಡು ಸಲ ಕೂಗಿಸಿಕೊಂಡೆನಲ್ಲ! ಇನ್ನೊಂದೇ ಒಂದು ಸಲ ಕೂಗಲಿ, ಬಿದ್ದೆದ್ದು ಓಡಿಹೋಗುತ್ತೇನೆ ಎಂದು ಅವನು ಅಂದುಕೊಂಡ.

ಡಾಕ್ಟರಮ್ಮನಿಗೆ ಕೈಮುಗಿದ. “ಕಣ್ಣು ಬಿಟ್ಟವಳೆ ತಾಯಿ. ಇವನ್ನೆಲ್ಲ ತೆಗೆದುಬಿಡಿ. ಅವಳ ದನಿ ಕೇಳಬೇಕು.”

“ಈ ಯಂತ್ರ ವಾಸಿ ಮಾಡೋದಿಲ್ಲ ಯಜಮಾನ್ರೇ. ಶ್ವಾಸಕೋಶ ತಾನಾಗಿ ವಾಸಿಯಾಗೋವರೆಗೆ ಜೀವ ಹಿಡಿದಿರುತ್ತೆ, ಅಷ್ಟೇ. ಈಗ ತೆಗೆದರೆ ಉಸಿರು ನಿಲ್ಲುತ್ತೆ. ಕಾದರೆ ಉಳೀತಾರೆ ಅಂತಲೂ ನಾನು ಮಾತು ಕೊಡಲಾರೆ.” ಆಕೆ ಕೇಳಿದಳು, “ನೀವು ನೀರುಗಂಟಿ ಅಲ್ವಾ? ಕಾಲುವೆ ಒಡೆದರೆ ಏನು ಮಾಡ್ತೀರಿ?”

ಅವನಿಗೆ ರೇಗಿತು. “ಪಕ್ಕದಲ್ಲಿ ಮರಿಗಾಲುವೆ ತೋಡಿ ನೀರು ಸುತ್ತುಬಳಸಿ ಬಿಡ್ತೀನಿ. ಪೈರು ಸಾಯದಷ್ಟು. ಒಡೆದ ಕಡೆ ಗೋಡೆ ಕಟ್ಟಿ, ಗಾರೆ ಒಣಗೋವರೆಗೂ ಅಲ್ಲಿಗೆ ತೊಟ್ಟು ನೀರು ಬಿಡಲ್ಲ. ಹೋದ ವರ್ಷ ಊರಿಗೆ ಊರೇ ಬಂದು ಗೋಗರೆಯಿತು. ಗುದ್ದಲಿ ಅಡ್ಡ ಹಿಡಿದು ನಿಂತೆ. ಹಸಿ ಗಾರೆ ಮೇಲೆ ನೀರು ಬಿಡು ಅಂತೀರಲ್ಲ, ನಿಮ್ಮ ತಲೆ ನೆಟ್ಟಗಿದೆಯಾ ಅಂತ ಬೈದು...”

ಅವನ ಕಣ್ಣು ಹೆಂಡತಿಯ ಗಂಟಲ ಕೊಳವೆಯ ಕಡೆ ಹೋಯಿತು.

ಅವನು ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ. ಹಂಬಲ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಊಟದ ಹೊತ್ತಾದರೆ ಕಿವಿ ತಾನಾಗಿ ಆ ಬಾಗಿಲ ಕಡೆ ತಿರುಗುತ್ತಿತ್ತು. ಆದರೆ ಕೊಳವೆ ತೆಗೆಯಿರಿ ಎಂದು ಅವನು ಮತ್ತೆ ಕೇಳಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಬೋರಲಿಂಗನಿಗೆ ತಡೆಯಲಾಗಲಿಲ್ಲ.

“ಆಮೇಲೆ? ಅವಳು ಕೂಗಿದಳೇ ಬುದ್ಧೀ?”

“ಗಾರೆ ಇನ್ನೂ ಹಸಿ ಇದೆಯಪ್ಪಾ, ಹೋಗು, ಆ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ನೀನೂ ಕೂತುಕೋ,” ಎಂದರು ಗುರುಗಳು.